ಗಾರ್ಡ್ ಡಬ್ಬಿಯ ಆಚೆ ಮಗ್ಗುಲು

ಸೈಕಲ್ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರು ಕಡಿಮೆ. ಎಲ್ಲರಿಗೂ ಅವಳು ಗೆರೆಯಮ್ಮ. ಮಡ್‌ಗಾರ್ಡಿನ ಮೇಲೆ, ಚೈನು ಮುಚ್ಚುವ ತಗಡಿನ ಮೇಲೆ ಚಿನ್ನದ ಬಣ್ಣದ ಸಣ್ಣ ಗೆರೆ ಎಳೆಯುವುದು ಅವಳ ಕೆಲಸ. ಸ್ಕೇಲು ಇಲ್ಲ, ಅಚ್ಚು ಇಲ್ಲ. ಉದ್ದ ಕೂದಲಿನ ಒಂದು ಕುಂಚ, ಅಂಚಿಗೆ ಆನಿಸಿದ ಕಿರುಬೆರಳು, ಬಿಗಿಹಿಡಿದ ಉಸಿರು, ಇಷ್ಟೇ ಬಂಡವಾಳ. ಸ್ಟಿಕ್ಕರ್ ಬಂದು ಆ ಕೆಲಸವನ್ನು ನುಂಗಿ ನೀರು ಕುಡಿಯುವವರೆಗೂ ಅದನ್ನೇ ಮಾಡಿದಳು. ಆಮೇಲೆ ಅಕ್ಕನ ಮನೆಯ ಹಿಂದಿನ ಬೀದಿಯಲ್ಲಿ ಮನೆ ಮಾಡಿಕೊಂಡಳು. ಸ್ಟಿಕ್ಕರ್ ಅಂಟಿಸಿದ ಸೈಕಲ್ ಕಂಡರೆ ಇವತ್ತಿಗೂ ಮೂಗು ಮುರಿಯುತ್ತಾಳೆ. ಮುರಿಯಲಿ ಬಿಡಿ, ಅಷ್ಟು ಹಕ್ಕು ಅವಳಿಗಿದೆ.

ಗೆರೆಯಮ್ಮನನ್ನು ಗೆರೆಯಮ್ಮನಾಗಿ ಮಾಡಿದವರು ಅವಳ ಭಾವ. ಅಕ್ಕನ ಗಂಡ, ರೈಲಿನ ಗಾರ್ಡು. ಹುಡುಗಿಯಾಗಿದ್ದಾಗ ಅವಳು ಅಕ್ಕನ ಮನೆಯಲ್ಲೇ ಇದ್ದಳು. ಗೆರೆ ಎಳೆಯಲು ಜನ ಬೇಕೆಂದು ಕಾರ್ಖಾನೆಯವರು ಬೋರ್ಡು ಹಾಕಿದಾಗ ಕೇಳಲು ಹೋದಳು. "ಇದು ಗಂಡಸರ ಕೆಲಸ ಕಣಮ್ಮ, ಪ್ಯಾಕಿಂಗ್‌ಗೆ ಬೇಕಾದ್ರೆ ಬಾ" ಅಂದ ಅಲ್ಲಿನ ಮೇಸ್ತ್ರಿ. ಮುಖ ಊದಿಸಿಕೊಂಡು ಬಂದ ನಾದಿನಿಗೆ ಭಾವ ಸಮಾಧಾನದ ಮಾತು ಹೇಳಲಿಲ್ಲ. ಗುಜರಿ ಅಂಗಡಿಯಿಂದ ಹಳೆಯ ಮಡ್‌ಗಾರ್ಡುಗಳ ಕಟ್ಟೊಂದನ್ನು ಹೊತ್ತು ತಂದು, ಕಪ್ಪು ಬಣ್ಣ ಬಳಿದು, ಹಿತ್ತಲಲ್ಲಿ ಸಾಲಾಗಿ ಒಣಗಲು ಹಾಕಿದರು.

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ಡ್ಯೂಟಿ ಇಳಿದು ಬಂದವರು ಯೂನಿಫಾರ್ಮನ್ನೂ ಬಿಚ್ಚದೆ ಅಡುಗೆಮನೆಯ ಹೊಸ್ತಿಲ ಪಕ್ಕ ಸ್ಟೂಲು ಎಳೆದು ಕೂರುವರು. ಮಡ್‌ಗಾರ್ಡನ್ನು ಮಂಡಿಗಳ ನಡುವೆ ಬಿಗಿಯಾಗಿ ಹಿಡಿದು, "ಎಳಿ ಪುಟ್ಟಿ, ನಾನು ಹಿಡ್ಕೊಂಡಿದ್ದೀನಿ" ಅನ್ನುವರು. ಅವಳು ಎಳೆಯುವಳು, ಗೆರೆ ಹಾವಿನ ಹಾಗೆ ಹರಿಯುವುದು, ಸೀಮೆಎಣ್ಣೆ ಬಟ್ಟೆಯಿಂದ ಒರೆಸುವಳು, ಮತ್ತೆ ಎಳೆಯುವಳು. ಎಷ್ಟೋ ಸಲ ಭಾವನಿಗೆ ಕೂತಲ್ಲೇ ನಿದ್ದೆ ಹತ್ತುತ್ತಿತ್ತು. ಗೊರಕೆ ಕೇಳಿಸುತ್ತಿತ್ತು, ಮಂಡಿ ಮಾತ್ರ ಸಡಿಲವಾಗುತ್ತಿರಲಿಲ್ಲ. ಅನ್ನಕ್ಕೂ ಸೀಮೆಎಣ್ಣೆ ವಾಸನೆ ಹತ್ತಿದೆ ಎಂದು ಅಕ್ಕ ಇಬ್ಬರಿಗೂ ಸೇರಿಸಿ ಬೈಯುತ್ತಿದ್ದಳು.

ಕೊನೆಗೊಂದು ದಿನ ಗೆರೆ ಅಲುಗದೆ ನೆಟ್ಟಗೆ ನಿಂತಿತು. ಭಾವ ಆ ಮಡ್‌ಗಾರ್ಡನ್ನು ತಮ್ಮ ಸೈಕಲ್ಲಿಗೇ ಹಾಕಿಕೊಂಡು ಸೀದಾ ಕಾರ್ಖಾನೆಗೆ ಹೋಗಿ ಮೇಸ್ತ್ರಿಯ ಮುಂದೆ ನಿಲ್ಲಿಸಿದರು. ಮೇಸ್ತ್ರಿ ಬಗ್ಗಿ ನೋಡಿ, "ಯಾರ ಕೈ ಸಾರ್ ಇದು? ಒಳ್ಳೆ ಪಳಗಿದ ಕೈ" ಅಂದ. "ನೀನು ಪ್ಯಾಕಿಂಗ್‌ಗೆ ಕರೆದ್ಯಲ್ಲ, ಅವಳದು" ಅಂದರು ಭಾವ.

ಆ ಕೆಲಸದಿಂದಲೇ ಅವಳ ಮನೆ ನಡೆಯಿತು, ಮಗಳು ಓದಿದಳು, ಗಂಡ ತೀರಿಕೊಂಡಾಗ ಯಾರ ಮುಂದೆಯೂ ಕೈಯೊಡ್ಡುವ ಪ್ರಸಂಗ ಬರಲಿಲ್ಲ. ಹಾಗೆಂದು ಭಾವನ ಎದುರು ನಿಂತು ನಿಮ್ಮಿಂದ ಉಪಕಾರವಾಯಿತು ಎಂದು ಅವಳು ಎಂದೂ ಹೇಳಿದವಳಲ್ಲ. ನಮ್ಮಲ್ಲಿ ಭಾವನಿಗೆ ಯಾರು ಹಾಗೆಲ್ಲ ಹೇಳುತ್ತಾರೆ? ಕಾಲೆಳೆಯುವುದು, ಕಾಫಿ ಕೊಡುವುದು, ಅಷ್ಟರಲ್ಲೇ ಎಲ್ಲ ಬಂತು ಅಂದುಕೊಳ್ಳುತ್ತೇವೆ.

ಭಾವ ನಿವೃತ್ತರಾದ ಮೇಲೆ ತಮ್ಮ ಮೊದಲ ಗಾಡಿಯ ಗಾರ್ಡ್ ಡಬ್ಬಿಯ, ಅಂದರೆ ರೈಲಿನ ಕೊನೆಗೆ ಗಾರ್ಡು ಕೂರುವ ಬೋಗಿಯ, ಪುಟ್ಟ ಮಾದರಿ ಮಾಡಲು ಕೂತರು. ತೇಗದ ಚೂರು, ಡಬ್ಬದ ತಗಡು, ಲೇತ್ ಅಂಗಡಿಯಲ್ಲಿ ಕಡೆಸಿದ ಹಿತ್ತಾಳೆ ಚಕ್ರ. ತೋಳುದ್ದದ ಡಬ್ಬಿ. ಬ್ರೇಕಿನ ಚಕ್ರವನ್ನು ಉಗುರಿನಿಂದ ತಿರುಗಿಸಬಹುದಿತ್ತು. ಕಡುಗೆಂಪು ಬಣ್ಣ ಹೊಡೆದು, ನೀರು ಹಚ್ಚಿ ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಹೊಡೆದು, ಅದರಲ್ಲಿ ಮುಖ ನೋಡಿಕೊಳ್ಳುವ ಹಾಗೆ ಮಾಡಿದ್ದರು. ಹಳೆಯ ಡಬ್ಬಿಗಳಲ್ಲಿ ಪ್ರತಿ ಕಿಟಕಿ, ಪ್ರತಿ ಬಾಗಿಲ ಸುತ್ತ ಕೆನೆಬಣ್ಣದ ಗೆರೆ ಇರುತ್ತಿತ್ತು. ಅದನ್ನು ನಾನು ಎಳೆದುಕೊಡುತ್ತೇನೆ ಎಂದು ಅವಳು ಹೇಳಿದಾಗ ಭಾವ ಕೈ ಅಡ್ಡ ಹಿಡಿದರು.

"ಬೇಡಮ್ಮ ತಾಯಿ. ನಿಂದು ಸೈಕಲ್ ಗೆರೆ. ಕೊನೇಲಿ ಇಲಿ ಬಾಲದ ಥರ ಸಣ್ಣ ಆಗುತ್ತೆ. ರೈಲಿಗೆ ಬಾಲ ಇರಲ್ಲ."

"ಆ ಬಾಲ ಹಿಡ್ಕೊಂಡೇ ಭಾವ ನಾನು ಬದುಕಿದ್ದು" ಅಂದಳು ಅವಳು. ಇಬ್ಬರೂ ನಕ್ಕರು.

ಮಾತು ಮಾತ್ರ ನಿಜ. ಸೈಕಲ್ಲಿನ ಗೆರೆ ಮುಗಿಯುವಲ್ಲಿ ಕೂದಲೆಳೆಯಾಗಿ ಮಾಯವಾಗಬೇಕು, ಅದೇ ಅದರ ಅಂದ. ರೈಲಿನ ಗೆರೆ ಎಲ್ಲಿ ಹುಟ್ಟಿತು, ಎಲ್ಲಿ ಮುಗಿಯಿತು ಎಂದು ತಿಳಿಯಲೇಬಾರದು. ಭಾವ ಉಕ್ಕಿನ ಗೆರೆಪೆನ್ನಿಗೆ ಬಣ್ಣ ತುಂಬಿ, ಅಂಗುಲ ಅಂಗುಲವಾಗಿ, ಈಚೆ ಮಗ್ಗುಲನ್ನು ತಾವೇ ಮುಗಿಸಿದರು. ಆಚೆ ಮಗ್ಗುಲು ಉಳಿದಿತ್ತು. ಅಷ್ಟರಲ್ಲಿ ಲಕ್ವ ಹೊಡೆಯಿತು.

ಜೀವಕ್ಕೆ ಅಪಾಯವಾಗಲಿಲ್ಲ. ಬಲಗೈ ಸೋತಿತು, ನಾಲಿಗೆ ತೊದಲಿತು. ಆಸ್ಪತ್ರೆಯಿಂದ ಬಂದವರು ಡಬ್ಬಿಯ ಬರಿಯ ಮಗ್ಗುಲನ್ನು ಗೋಡೆಗೆ ತಿರುಗಿಸಿಡಲು ಹೇಳಿ, ತಾವೂ ಗೋಡೆಗೆ ತಿರುಗಿ ಮಲಗಿಬಿಟ್ಟರು. ವ್ಯಾಯಾಮ ಮಾಡಿಸಲು ಬರುವ ಹುಡುಗಿ ಸ್ಪಂಜಿನ ಚೆಂಡು ಕೊಟ್ಟು ಹಿಸುಕಿ ಅಂದರೆ ಜಪ್ಪಯ್ಯ ಅಂದರೂ ಹಿಸುಕಲಿಲ್ಲ. ಕೈಗೆ ಕೆಲಸ ಕೊಡದಿದ್ದರೆ ಅದು ಹಾಗೇ ಉಳಿದುಬಿಡುತ್ತದೆ ಎಂದು ಆ ಹುಡುಗಿ ಅಕ್ಕನಿಗೆ ಹೇಳಿ ಹೋದಳು.

ಅಕ್ಕ ತಂಗಿಯ ಮನೆಗೆ ಬಂದು ಅತ್ತಳು. "ನಿನ್ನ ಮಾತಾದ್ರೂ ಕೇಳ್ತಾರೇನೋ, ಏನಾದ್ರೂ ಮಾಡೇ ಪುಟ್ಟಿ."

ಏನು ಮಾಡುವುದು? ಡಬ್ಬಿಯನ್ನು ಎತ್ತಿಕೊಂಡು ಬಂದು ಗೆರೆ ಎಳೆದು ಮುಗಿಸಿಕೊಡಬಹುದು. ಆದರೆ ಕೈಲಾಗದವರ ಕೆಲಸ ಕಸಿದುಕೊಂಡಂತೆ ಆದರೆ? ಆ ಮನುಷ್ಯ ಇನ್ನಷ್ಟು ಕುಗ್ಗಿಹೋದರೆ? ಅವಳಿಗೆ ಅಡುಗೆಮನೆಯ ಹೊಸ್ತಿಲು ನೆನಪಾಯಿತು. ಭಾವ ಅವಳಿಗಾಗಿ ಒಂದು ಗೆರೆಯನ್ನೂ ಎಳೆದಿರಲಿಲ್ಲ. ಹಿಡಿದುಕೊಂಡಿದ್ದರು, ಅಷ್ಟೇ.

ಒಂದು ವಾರ ಬಿಸ್ಕತ್ತಿನ ಡಬ್ಬಗಳ ಮೇಲೆ ಎಳೆದಳು. ಗೆರೆ ಗೇಣುದ್ದ ಹೋಗುತ್ತಿದ್ದ ಹಾಗೆ ಮಣಿಕಟ್ಟು ತಾನಾಗಿ ಮೇಲೇಳುವುದು, ಬಾಲ ಮೂಡುವುದು. ಸಿಟ್ಟು ಬಂದು ತನ್ನ ಕೈಗೆ ತಾನೇ ಒಂದು ಏಟು ಕೊಟ್ಟುಕೊಂಡಳು. ಅಂತೂ ಗೆರೆ ಸಮನಾಗಿ ಬರತೊಡಗಿದಾಗ ಕುಂಚ, ಕೆನೆಬಣ್ಣ, ಅಗಸೆ ಎಣ್ಣೆ ಸೀಸೆ, ಸೀಮೆಎಣ್ಣೆ ಬಟ್ಟೆ ಚೀಲಕ್ಕೆ ಹಾಕಿಕೊಂಡು ಹೋದಳು.

"ಭಾವ, ಏಳಿ. ಆಚೆ ಮಗ್ಗುಲು ಎಳೀಬೇಕು. ಹಿಡ್ಕೊಳ್ಳೋರು ಬೇಕು ನನಗೆ. ಒಬ್ಬಳ ಕೈಲಿ ಆಗಲ್ಲ."

ಇದು ಶುದ್ಧ ಸುಳ್ಳು. ಕಾರ್ಖಾನೆಯಲ್ಲಿ ಅಷ್ಟು ವರ್ಷವೂ ಅವಳು ಕಬ್ಬಿಣದ ಸ್ಟ್ಯಾಂಡಿಗೆ ಸಿಕ್ಕಿಸಿ ಒಬ್ಬಳೇ ಎಳೆದವಳು. ಕೆಲಸ ಮಾಡುವಾಗ ಡಬ್ಬಿ ಅಲುಗದಂತೆ ಹಿಡಿಯಲೆಂದೇ ಭಾವ ಮಾಡಿಟ್ಟ ಮರದ ಚೌಕಟ್ಟು ಮೇಜಿನ ಮೇಲೆ ಎಲ್ಲರ ಕಣ್ಣೆದುರೇ ಕೂತಿತ್ತು. ಭಾವ ಅದನ್ನು ನೋಡಿದರು, ಅವಳನ್ನು ನೋಡಿದರು. ಅವಳು ಹೋಗಿ ಆ ಚೌಕಟ್ಟಿನ ಮೇಲೆ ತನ್ನ ಚೀಲ ಇಟ್ಟಳು. ಭಾವ ಅಕ್ಕನ ಕಡೆ ಎಡಗೈ ಚಾಚಿದರು, ಎಬ್ಬಿಸು ಎಂದು.

ಡಬ್ಬಿಯನ್ನು ಮಂಡಿಗಳ ನಡುವೆ ಮಲಗಿಸಿ, ಎಡಗೈಯಿಂದ ಒತ್ತಿ ಹಿಡಿದರು. "ಬಲಗೈನೂ ಅಡೀಗೆ ಕೊಡಿ, ಜಾರುತ್ತೆ" ಅಂದಳು ಅವಳು ಗದರಿಸುವ ದನಿಯಲ್ಲಿ. ಆ ಬೆರಳುಗಳು ನಿಧಾನವಾಗಿ, ಒಂದೊಂದೇ, ಡಬ್ಬಿಯ ತಳವನ್ನು ತಬ್ಬಿದವು. ಬಾಗಿಲಲ್ಲಿ ನಿಂತಿದ್ದ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಕಿಟಕಿಗಳ ಕೆಳಗಿನ ಉದ್ದ ಗೆರೆಯನ್ನು ಅವಳು ಒಂದೇ ಉಸಿರಿಗೆ ಎಳೆದಳು. ಕುಂಚ ಎತ್ತಿದ ಮೇಲೆಯೇ ಉಸಿರು ಬಿಟ್ಟಳು. ಗೆರೆ ಈ ತುದಿಯಿಂದ ಆ ತುದಿಗೆ ಸಮನಾಗಿ ನಿಂತಿತ್ತು. ಭಾವ ಬಗ್ಗಿ ನೋಡಿ ಹ್ಞೂಂ ಅಂದರು. ಕಿಟಕಿಗಳ ಸುತ್ತ ಎಳೆದದ್ದೂ ಸರಿಯಾಗಿ ಬಂತು. ಹೆದರಿಕೆ ಹೋಯಿತು. ಹೆದರಿಕೆ ಹೋದದ್ದೇ ತಪ್ಪಾಯಿತು. ಗಾರ್ಡಿನ ಬಾಗಿಲ ಪಕ್ಕದ ಗೆರೆ ಇಳಿಯುತ್ತಿದ್ದಾಗ ಮಣಿಕಟ್ಟು ತನ್ನ ಹಳೆಯ ಚಾಳಿಯಂತೆ ಮೆಲ್ಲಗೆ ಮೇಲೆದ್ದಿತು. ಗೆರೆ ಸಣ್ಣಗಾಗುತ್ತಾ ಆಗುತ್ತಾ ಕೂದಲೆಳೆಯಾಗಿ, ಕಡುಗೆಂಪಿನಲ್ಲಿ ಮಾಯವಾಯಿತು.

ಅವಳ ಮುಖ ಪೆಚ್ಚಾಯಿತು. ಸೀಮೆಎಣ್ಣೆ ಬಟ್ಟೆಗೆ ಕೈ ಹಾಕಿದಳು. ಆಗ ಒಂದು ಸದ್ದು ಕೇಳಿಸಿತು. ಭಾವ ನಗುತ್ತಿದ್ದರು. ಸೊಟ್ಟ ಬಾಯಿಯಲ್ಲಿ, ಭುಜ ಕುಲುಕಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗು.

"ಬಾ... ಬಾಲ" ಅಂದರು.

"ಇರಿ ಭಾವ, ಒರೆಸ್ತೀನಿ."

"ಬೇಡ." ಮಾತು ತಡವರಿಸಿತು. ಆದರೂ ಬಿಡದೆ ಒಂದೊಂದೇ ಪದ ಹುಡುಕಿ ಜೋಡಿಸಿದರು. "ನನ್ನ ಬಾಗ್ಲು ಅದು. ಇರ್ಲಿ. ದಿನಾ ಡ್ಯೂಟಿಗೆ... ನಿನ್ನ ಗೆರೆ ಮೇಲೇ ಹೋಗಿದ್ದು ನಾನು."

ಹೊರಗೆ ಮನೆಯ ಗೋಡೆಗೆ ಒರಗಿ ಆ ಸೈಕಲ್ ಇನ್ನೂ ನಿಂತಿತ್ತು. ಟೈರು ಬದಲಾಗಿತ್ತು, ಸೀಟು ಬದಲಾಗಿತ್ತು, ಅವಳ ಆ ಮೊದಲ ಗೆರೆಯಿದ್ದ ಮಡ್‌ಗಾರ್ಡನ್ನು ಮಾತ್ರ ಭಾವ ಬದಲಿಸಿರಲಿಲ್ಲ. ಅವಳು ದಿನಾ ನೋಡುತ್ತಿದ್ದ ಸೈಕಲ್ಲೇ. ಯಾಕೆ ಬದಲಿಸಲಿಲ್ಲ ಎಂದು ಒಮ್ಮೆಯೂ ಕೇಳಿರಲಿಲ್ಲ. ಉಪಕಾರದ ಋಣ ತನ್ನೊಬ್ಬಳ ಮೇಲೇ ಇದೆ ಎಂದುಕೊಂಡಿದ್ದಳು ಹುಚ್ಚಿ.

ಬಾಗಿಲ ಆ ಬದಿಯ ಗೆರೆ ಇನ್ನೂ ಬಾಕಿ ಇತ್ತು. ಕುಂಚ ಅದ್ದಿಕೊಂಡಳು, ಆದರೆ ಕಣ್ಣು ಮಂಜಾಗಿ ಅಂಚೇ ಕಾಣಿಸಲಿಲ್ಲ. ಭಾವ ಕಾದರು. ಮಂಡಿ ಬಿಗಿಯಾಯಿತು, ಸೋತ ಬೆರಳುಗಳು ಡಬ್ಬಿಯ ತಳದಲ್ಲಿ ಇನ್ನಷ್ಟು ಒತ್ತಿದವು.

"ಎಳಿ ಪುಟ್ಟಿ" ಅಂದರು. "ನಾನು ಹಿಡ್ಕೊಂಡಿದ್ದೀನಿ."