ನಾರಿನ ಕಟ್ಟಿಗೆ ಜಾಮೀನು

ಎಂಬತ್ತರ ದಶಕದಲ್ಲಿ ಸೌದಿ ಅರೇಬಿಯಾದ ಹಫ್ರ್ ಅಲ್ ಬಾತಿನ್‌ಗೆ ಪೈಪ್ ಕೆಲಸಕ್ಕೆ ಹೊರಟಿದ್ದೆ. ಆ ದೇಶಕ್ಕೆ ಕಾಲಿಟ್ಟಾಗ ತಪಾಸಣಾ ಕಚೇರಿಯ ಅಧಿಕಾರಿ ನನ್ನ ಚೀಲದಲ್ಲಿದ್ದ ನಾರಿನ ಕಟ್ಟು ತೆಗೆದು, ಅದರ ಮೇಲಿನ ಚೀಟಿಯ ‘ಹೆಂಪ್’ ಎಂಬ ಪದದ ಮೇಲೆ ಬೆರಳಿಟ್ಟರು. ಗಾಂಜಾದ ಜಾತಿಯದೇ ಗಿಡದ ನಾರು ಅದು. ಜೈಲು ನೆನೆದು ‘ದೇವರೇ’ ಎಂದೆ. ಆ ಕನ್ನಡ ಕೇಳಿ, ಸಾಲಿನಲ್ಲಿ ಹಿಂದಿದ್ದ ಭಟ್ಕಳದ ವ್ಯಾಪಾರಿಯೊಬ್ಬರು ಮುಂದೆ ಬಂದರು.

“ಹೆದರಬೇಡ ಮಾರಾಯ. ಇದು ಎಂತಕ್ಕೆ?”

“ಪೈಪಿನ ಜಾಯಿಂಟಿಗೆ ಸುತ್ತಲಿಕ್ಕೆ, ನೀರು ಸೋರಬಾರದಲ್ಲ.”

ಅವರು ಅದನ್ನು ಅರಬ್ಬಿಯಲ್ಲಿ ವಿವರಿಸಿದರು. ಅಧಿಕಾರಿ ನಿಯಮದ ಪುಸ್ತಕವನ್ನು ತಾಳ್ಮೆಯಿಂದ ಓದಿದರು. ಎಲೆ, ಹೂವಿಗೆ ನಿಷೇಧವಿತ್ತು. ನಾರಿನ ಪ್ರಸ್ತಾಪವೇ ಇರಲಿಲ್ಲ. ಆದರೂ ಒಬ್ಬರ ಜಾಮೀನು ಬೇಕೆಂದರು.

ವ್ಯಾಪಾರಿ ತಮ್ಮ ಇಕಾಮಾವನ್ನು, ಅಂದರೆ ಅಲ್ಲಿನ ವಾಸದ ಪರವಾನಗಿಯನ್ನು, ಮೇಜಿನ ಮೇಲಿಟ್ಟು ಸಹಿ ಹಾಕಿದರು. ಆಮೇಲೆ ನನ್ನತ್ತ ತಿರುಗಿ, “ನಿನ್ನ ಹೆಸರು ಎಂತ?” ಎಂದು ಕೇಳಿದರು.