ಪರಮೇಶ್ವರಪ್ಪನ ಮೋಡದ ಮಡಕೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ಊರಿನಲ್ಲಿ ಪೇಂಟರ್ ಪರಮೇಶ್ವರಪ್ಪನ ಕೈ ಆಡದ ಅಂಗಡಿ ಬೋರ್ಡು ಒಂದು ಕಾಲಕ್ಕೆ ಹುಡುಕಿದರೂ ಸಿಗುತ್ತಿರಲಿಲ್ಲ. ದಾಸನಕೊಪ್ಪದಿಂದ ಬಣ್ಣದ ಡಬ್ಬಿಗಳ ಚೀಲ ಹಿಡಿದು ಬಸ್ಸಿಗೆ ಬರುತ್ತಿದ್ದ. ಬರುತ್ತಿದ್ದ ಅನ್ನುವುದೂ ದೊಡ್ಡ ಮಾತೇ. ನಾಳೆ ಬೆಳಿಗ್ಗೆ ಎಂದವನು ನಾಲ್ಕನೇ ದಿನ ಮಧ್ಯಾಹ್ನ ಕಾಣಿಸಿಕೊಂಡರೆ ಅಂಗಡಿಯವರ ಪುಣ್ಯ. "ನಾಳೆ ಎಷ್ಟೊತ್ತಿಗೆ ಬರ್ತಿ ಮಾರಾಯ, ಅದೊಂದು ಹೇಳು" ಎಂದು ಜನ ದಾರಿಗೆ ಅಡ್ಡ ನಿಂತು ಕೇಳುತ್ತಿದ್ದರು. ಇವನು ಸಿಕ್ಕ ಓಣಿಯಲ್ಲಿ ನುಸುಳಿ ಮಾಯವಾಗುತ್ತಿದ್ದ. ಆದರೂ ಬೈಯುತ್ತ ಬೈಯುತ್ತ ಕಾಯುತ್ತಿದ್ದರು, ಯಾಕೆಂದರೆ ಅವನ ಅಕ್ಷರ ಹಾಗಿತ್ತು. ಗುಂಡಗಿನ ನೀರಿನ ಟ್ಯಾಂಕಿನ ಮೇಲೆ ಬರೆದರೂ ಸಾಲು ಸೊಟ್ಟಗಾಗುತ್ತಿರಲಿಲ್ಲ.

ಈ ವಿದ್ಯೆ ಪುಕ್ಕಟೆ ಬಂದದ್ದಲ್ಲ. ತೊಂಬತ್ನಾಲ್ಕರಲ್ಲಿ ಯಲ್ಲಾಪುರದ ಒಂದು ಮದುವೆ ಮಂಟಪದ ಗುಮ್ಮಟದೊಳಗೆ ಆಕಾಶ ಬರೆಯುವ ಕೆಲಸ ಒಪ್ಪಿಕೊಂಡಿದ್ದ. ಕಾಗದದ ಮೇಲೆ ಚಂದದ ಮೋಡ ಬರೆದು, ಅದಕ್ಕೆ ಚೌಕ ಹೊಡೆದು, ಗುಮ್ಮಟಕ್ಕೂ ಅಷ್ಟೇ ಮನೆ ಹಾಕಿ, ಒಂದೊಂದಾಗಿ ಏರಿಸಿದ. ಆದರೆ ಗುಮ್ಮಟದ ಮನೆಗಳು ಮೇಲೆ ಹೋದಂತೆ ಕಿರಿದಾಗುತ್ತವಲ್ಲ! ಮೋಡಗಳೆಲ್ಲ ಇಕ್ಕಟ್ಟಿಗೆ ಸಿಕ್ಕಿ, ನೆತ್ತಿಯ ಹತ್ತಿರ ಗೋಣಿಚೀಲದ ಬಾಯಿ ಕಟ್ಟಿದ ಹಾಗಾಯಿತು. ನೋಡಿದವರೆಲ್ಲ ತಲೆ ಎತ್ತಿ ನಕ್ಕರು. ಎರಡು ದಿನ ಕೂತು ಕೆರೆದು ತೆಗೆದ. ಆಮೇಲೆ ಕಾಗದವನ್ನು ಬದಿಗಿಟ್ಟು, ಗುಮ್ಮಟದ ಮೇಲೆಯೇ ಕಣ್ಣಿಗೆ ಸರಿ ಕಾಣುವಂತೆ ಬರೆದ.

ಎರಡು ಸಾವಿರದ ಮೂರರಲ್ಲಿ ಪೇಟೆಗೆ ಫ್ಲೆಕ್ಸ್ ಬಂತು. ಬೆಳಿಗ್ಗೆ ಹೇಳಿದರೆ ಸಂಜೆಗೆ ಬೋರ್ಡು ತಯಾರು. ಒಂದೇ ವರ್ಷದಲ್ಲಿ ಪರಮೇಶ್ವರಪ್ಪನನ್ನು ಎಷ್ಟೊತ್ತಿಗೆ ಬರ್ತಿ ಎಂದು ಕೇಳುವವರೇ ಇಲ್ಲವಾದರು. ಈಗ ಅವನೇ ಪೇಟೆಯ ನಟ್ಟನಡುವೆ ನಿಧಾನಕ್ಕೆ ನಡೆಯುತ್ತಿದ್ದ, ಯಾರಾದರೂ ತಡೆದು ಕೇಳಲಿ ಎಂದು. ದಾಸನಕೊಪ್ಪದ ಅಕ್ಕಿ ಗಿರಣಿಯವರು ವಾಚ್‌ಮನ್ ಕೆಲಸಕ್ಕೆ ಕರೆದರು. ಖಾಕಿ ಅಂಗಿಯನ್ನೂ ಮನೆಗೆ ಕಳಿಸಿ, ಮಂಗಳವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕೆಂದರು. ಅಂಗಿ ಗೂಟಕ್ಕೆ ನೇತಾಡುತ್ತಿತ್ತು. ಪರಮೇಶ್ವರಪ್ಪನಿಗೆ ಅದನ್ನು ನೋಡಿದಾಗಲೆಲ್ಲ ಹೆದರಿಕೆಯಾಗುತ್ತಿತ್ತು. ಗಿರಣಿಯ ಕೆಲಸ ಕೀಳೆಂದಲ್ಲ. ಐವತ್ತೊಂದನೇ ವಯಸ್ಸಿಗೆ, ಮೂವತ್ತು ವರ್ಷ ಪಳಗಿದ ಕೈ ಯಾರಿಗೂ ಬೇಡವಾಯಿತಲ್ಲ ಎಂಬ ಸಂಕಟ.

ಅಂಥದ್ದರಲ್ಲಿ ಒಂದು ಶನಿವಾರ ಶಿರಸಿಯಿಂದ ಕರೆ ಬಂತು. ವಿಶ್ವೇಶ್ವರ ಹೆಗಡೆಯವರು ಕೇಬಲ್ಲಿನಲ್ಲಿ ಊರ ಸುದ್ದಿಯ ಚಾನೆಲ್ ಶುರು ಮಾಡುವವರಿದ್ದರು. ಹೆಸರಿನ ಬೋರ್ಡು ಫ್ಲೆಕ್ಸಿನದೇ. ಇವನ ಪಾಲಿಗೆ ಉಳಿದದ್ದು ಬಾಗಿಲ ಗಾಜಿನ ಮೇಲೆ 'ಚಪ್ಪಲಿ ಹೊರಗೆ ಬಿಡಿ' ಎಂಬ ಮೂರು ಶಬ್ದ.

ಬರೆಯುತ್ತಿದ್ದಾಗ ಒಳಗಿನ ಮಾತು ಕಿವಿಗೆ ಬಿತ್ತು. ಕಂಪ್ಯೂಟರಿನ ಮುಂದೆ ಕೂತಿದ್ದ ಗ್ರಾಫಿಕ್ಸ್ ಹುಡುಗಿ ಗಗನಾ ಸುದ್ದಿಯ ಮೊದಲಿಗೆ ಬರುವ ಭೂಗೋಳ ತಯಾರಿಸುತ್ತಿದ್ದಳು. ಮೋಡ ಕವಿದ ಭೂಮಿ ತಿರುಗುತ್ತ ತಿರುಗುತ್ತ ಮುಂದೆ ಬಾಗಿ ನೆತ್ತಿ ತೋರಿಸಬೇಕು, ಅಲ್ಲಿಂದ ಚಾನೆಲ್ಲಿನ ಹೆಸರು ಹೊರಡಬೇಕು.

"ಎಂತ ಆತೇ? ಸೋಮವಾರ ಸಂಜೆ ಆರಕ್ಕೆ ಶುರು ಹೇಳಿ ಊರಿಗೆಲ್ಲ ಹೇಳಾಯ್ದು" ಎಂದರು ಹೆಗಡೆಯವರು.

"ಎಷ್ಟ್ ಮಾಡಿದ್ರೂ ಸರಿ ಆಗ್ತಿಲ್ಲೆ. ಮೋಡ ಬಿಟ್ಟು ಬರೀ ಭೂಮಿ ತಿರುಗಿಸ್ತೆ ಆನು."

"ಮೋಡ ಇಲ್ದೇ ಹೋದ್ರೆ ಪ್ಲಾಸ್ಟಿಕ್ ಚೆಂಡಿನ ಹಂಗೆ ಕಾಣ್ತು."

ಪರಮೇಶ್ವರಪ್ಪ ಕುಂಚ ಹಿಡಿದೇ ಒಳಗೆ ಇಣುಕಿದ. ಗಗನಾ ಆಕಾಶದ ಫೋಟೊ ಒಂದನ್ನು ಗೋಳಕ್ಕೆ ಸುತ್ತಿದ್ದಳು. ನಡುವೆ ಮೋಡ ಚಂದ, ನೆತ್ತಿಯಲ್ಲಿ ಮಾತ್ರ ಎಲ್ಲ ಮುದುಡಿ ಗಂಟು. ಹಿಂಬದಿಯಲ್ಲಿ ಫೋಟೊದ ಎರಡು ಅಂಚು ಕೂಡುವಲ್ಲಿ ಹೊಲಿಗೆ ಹಾಕಿದಂಥ ಗೆರೆ. ಹತ್ತು ವರ್ಷದ ಹಿಂದಿನ ಗುಮ್ಮಟ ಕಣ್ಣೆದುರು ಬಂತು.

"ಹೆಗಡೇರ, ಒಂದ್ ಮಾತು ಹೇಳ್ಲೇನ್ರಿ? ತಪ್ಪು ಮಷೀನಿಂದಲ್ರಿ, ಚಿತ್ರದ್ದು. ನಾನೂ ಯಲ್ಲಾಪುರದಾಗ ಹಿಂಗ ಮಾಡಿ ಮಂದಿ ಮುಂದ ನಗಿಪಾಟ್ಲಾಗಿದ್ದೆ. ಸೋಮವಾರ ಮುಂಜಾನೆ ನಾ ಮೋಡ ತರ್ತೀನ್ರಿ."

"ನೀನು ಸೋಮವಾರ ಅಂದ್ರೆ ಯಾವ ಸೋಮವಾರ?" ಎಂದರು ಹೆಗಡೆಯವರು. ಅವರೂ ಹಿಂದೆ ಇವನಿಗಾಗಿ ಕಾದವರೇ.

ಗಗನಾ ಮಾತ್ರ ನಗಲಿಲ್ಲ. "ಕಪ್ಪಿನ ಮೇಲೆ ಬಿಳಿ ಮೋಡ ಬರೀರಿ. ಕಪ್ಪು ಇದ್ದಲ್ಲಿ ಕೆಳಗಿನ ಭೂಮಿ ಕಾಣೋ ಹಾಗೆ ನಾನು ಮಾಡ್ತೇನೆ" ಎಂದಳು.

ಭಾನುವಾರ ಅವನು ಅಡುಗೆಮನೆಯ ಹೊಸ ಮಡಕೆ ಎತ್ತಿಕೊಂಡು ಬಂದು ಬೋರಲು ಹಾಕಿ ಕಪ್ಪು ಬಳಿದ. ಹೆಂಡತಿ ದ್ಯಾವಮ್ಮ ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ನೀರ್ ಕುಡಿಯೋ ಗಡಿಗಿಗೆ ಬಣ್ಣ ಹಚ್ಚಾಕತ್ತೀರೇನ್ರಿ? ಹೊಲದಾಗಿನ ದೃಷ್ಟಿ ಗಡಿಗಿ ಆತು ನೋಡ್ರಿ."

"ಬೇರೆ ತಂದ್ ಕೊಡ್ತೀನಿ. ಬೆಳಕಿಗೆ ಅಡ್ಡ ನಿಲ್ಲಬ್ಯಾಡ."

ಮಡಕೆಯ ತಳವೇ ಭೂಮಿಯ ನೆತ್ತಿ. ಬಾಯಿ ಕೆಳಗಾಯಿತು, ಆ ಕಡೆ ಯಾರೂ ನೋಡುವುದಿಲ್ಲ. ಸುತ್ತ ತಿರುಗುತ್ತ, ಎಲ್ಲಿಂದ ನೋಡಿದರೂ ಮೋಡ ಮೋಡದ ಹಾಗೇ ಕಾಣುವಂತೆ ಬರೆದ. ಒಣಗಿದ ಮೇಲೆ ನೆತ್ತಿಯಿಂದ ದಾರ ಹಿಡಿದು ಇಪ್ಪತ್ನಾಲ್ಕು ಗೆರೆ ಇಳಿಸಿದ, ಅಡ್ಡಕ್ಕೆ ಬಳೆಯ ಹಾಗೆ ಸುತ್ತುಗೆರೆ ಹಾಕಿದ. ಆಮೇಲೆ ದೊಡ್ಡ ಡ್ರಾಯಿಂಗ್ ಹಾಳೆಗೂ ಕಪ್ಪು ಬಳಿದು ಅಷ್ಟೇ ಮನೆ ಹೊಡೆದ. ಆದರೆ ಇಲ್ಲಿ ಎಲ್ಲ ಮನೆಯೂ ಒಂದೇ ಅಳತೆಯವು. ಮಡಕೆಯ ನೆತ್ತಿಯ ಬಳಿ ಬೆರಳಗಲದ ಮನೆಯಲ್ಲಿದ್ದ ಮೋಡವನ್ನು ಹಾಳೆಯ ಪೂರ್ತಿ ಚೌಕಕ್ಕೆ ಹಿಗ್ಗಿಸಿ ಬರೆದ. ಗುಮ್ಮಟದಲ್ಲಿ ಮಾಡಿದ್ದನ್ನು ಈಗ ತಿರುವಿಹಾಕಿದ್ದ. ಕೊನೆಗೆ ಹಾಳೆಯನ್ನು ಕೊಳವೆಯಂತೆ ಸುರುಳಿ ಮಾಡಿ, ಎರಡಂಚು ಕೂಡುವಲ್ಲಿ ಮೋಡ ಮೋಡಕ್ಕೆ ಸೇರುವಂತೆ ತಿದ್ದಿದ.

ಸೋಮವಾರ ಬೆಳಿಗ್ಗೆ, ಹೇಳಿದ ಸೋಮವಾರವೇ, ಶಿರಸಿಯಲ್ಲಿ ಹಾಳೆ ಬಿಚ್ಚಿದಾಗ ಹೆಗಡೆಯವರ ಮುಖ ಸಣ್ಣಗಾಯಿತು. ಮೇಲಿನ ಸಾಲಿನ ಮೋಡಗಳು ಅಡ್ಡಡ್ಡ ಎಳೆದುಕೊಂಡು ವಿಕಾರವಾಗಿದ್ದವು.

"ಇದು ಮೋಡವೋ, ಮಜ್ಜಿಗೆ ಚೆಲ್ಲಿದ್ದೋ?"

ಪರಮೇಶ್ವರಪ್ಪ ಹಾಳೆಯ ಎರಡೂ ಅಂಚು ಹಿಡಿದು ಕೊಳವೆ ಮಾಡಿ ತೋರಿಸಿದ. ಇದೂ ಕೆಟ್ಟರೆ ನಾಳೆ ಖಾಕಿ ಅಂಗಿಯೇ ಗತಿ. "ಸುತ್ತಿ ನೋಡ್ರಿ" ಎಂದಷ್ಟೇ ಹೇಳಿದ.

ಗಗನಾ ಹಾಳೆಯನ್ನು ಭಾಗ ಭಾಗವಾಗಿ ಸ್ಕ್ಯಾನ್ ಮಾಡಿ ಜೋಡಿಸಿದಳು, ಗೋಳಕ್ಕೆ ಸುತ್ತಿದಳು. ಕಂಪ್ಯೂಟರ್ ತನ್ನ ಪಾಡಿಗೆ ತೆವಳುತ್ತ ಕೆಲಸ ಮುಗಿಸುವಾಗ ಮಧ್ಯಾಹ್ನ ದಾಟಿತ್ತು. ಭೂಮಿ ತಿರುಗಿತು. ಗೆರೆಯಿದ್ದ ಜಾಗ ಬಂತು, ಹೋಯಿತು, ಗೆರೆ ಇರಲಿಲ್ಲ. ನಿಧಾನಕ್ಕೆ ಮುಂದೆ ಬಾಗಿ ನೆತ್ತಿ ತೋರಿಸಿತು. ಅಲ್ಲಿ ಬೆಳ್ಳಗೆ, ಸಡಿಲವಾಗಿ, ದ್ಯಾವಮ್ಮನ ಮಡಕೆಯ ಮೇಲಿದ್ದಂತೆಯೇ ಮೋಡ ಕೂತಿತ್ತು.

"ಗಂಟು ಹೋತು!" ಎಂದು ಗಗನಾ ಚಪ್ಪಾಳೆ ತಟ್ಟಿದಳು. ಪರಮೇಶ್ವರಪ್ಪ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟ.

ಸಂಜೆ ಆರಕ್ಕೆ ಚಾನೆಲ್ ಶುರುವಾದಾಗ ಅವನು ಬಸ್‌ಸ್ಟ್ಯಾಂಡಿನ ಹತ್ತಿರದ ಚಾದಂಗಡಿಯಲ್ಲಿ ಟಿವಿ ಮುಂದೆ ನಿಂತಿದ್ದ. ಜನ ಸುದ್ದಿ ಓದುವವಳ ಸೀರೆಯ ಬಗ್ಗೆ ಮಾತಾಡಿದರು, ದನಿಯ ಬಗ್ಗೆ ಮಾತಾಡಿದರು. ಮೋಡದ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಗುಮ್ಮಟದ ಸಲ ಎಲ್ಲರೂ ಆಡಿಕೊಂಡಿದ್ದರಲ್ಲ, ಹಾಗಾಗಿ ಈ ಮೌನ ಅವನಿಗೆ ಹಿತವಾಯಿತು.

ಚೀಲ ತೆಗೆದುಕೊಳ್ಳಲು ಆಫೀಸಿಗೆ ಹೋದಾಗ ಗಗನಾ ಬಾಗಿಲಿಗೇ ಬಂದಳು. "ಪೇಂಟರ್ರೇ, ಪಾತ್ರೆ ಅಂಗಡಿ ಜಾಹೀರಾತು ಬಂದಿದೆ. ಕೊಡದ ಮೇಲೆ ಅಕ್ಷರ ಸುತ್ತಬೇಕಂತೆ. ಕಿಟಕಿ ಹತ್ರ ನಿಮಗೊಂದು ಮೇಜು ಹಾಕಿಸ್ತಾರಂತೆ ಹೆಗಡೇರು. ನಾಳೆ ಎಷ್ಟೊತ್ತಿಗೆ ಬರ್ತೀರಿ?"

ಆ ಪ್ರಶ್ನೆ ಕಿವಿಗೆ ಬಿದ್ದು ಒಂದು ವರ್ಷದ ಮೇಲಾಗಿತ್ತು. "ಒಂಬತ್ತಕ್ಕ ಬರ್ತೀನ್ರಿ ತಂಗಿ" ಎಂದ.

ಮಂಗಳವಾರ ಬೆಳಿಗ್ಗೆ ಖಾಕಿ ಅಂಗಿಯನ್ನು ಮಡಚಿ ಗಿರಣಿಗೆ ಮುಟ್ಟಿಸಿ, ಮೊದಲ ಬಸ್ಸು ಹಿಡಿದ. ಎಂಟು ಗಂಟೆಗೆ ಗಗನಾ ಬಾಗಿಲು ತೆಗೆಯಲು ಬಂದಾಗ ಪರಮೇಶ್ವರಪ್ಪ ಮೆಟ್ಟಿಲ ಮೇಲೆ ಕೂತಿದ್ದ, ಚಪ್ಪಲಿಯನ್ನು ಆಗಲೇ ಹೊರಗೆ ಬಿಟ್ಟು.