ಕವುಚಿಟ್ಟ ಬಿಂದಿಗೆಗಳ ಬಾವಿ

ಬೀದಿ ಇನ್ನೂ ಕಣ್ಣುಜ್ಜುತ್ತಿರುವಾಗಲೇ ಬಾವಿಅಕ್ಕ ಕಟ್ಟೆಗೆ ಹೊಟ್ಟೆ ಆನಿಸಿ ಬಗ್ಗುತ್ತಾರೆ. ತುದಿಗೆ ಕಬ್ಬಿಣದ ಗುಂಡು ಕಟ್ಟಿದ ಅಳತೆಪಟ್ಟಿಯನ್ನು ಬಾವಿಗೆ ಇಳಿಬಿಟ್ಟು ಕಿವಿಗೊಡುತ್ತಾರೆ. ನೀರಿದ್ದರೆ ಗುಳಕ್ ಎನ್ನಬೇಕು. ಇವತ್ತು ಕೇಳಿದ್ದು ಗುಂಡು ಕೆಸರಿಗೆ ಕೂತ ಸದ್ದು. ಅದನ್ನು ಮೇಲೆಳೆದು ಒರೆಸಿ, ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಆಳ ಬರೆಯುತ್ತಾರೆ. ಓದುವವರು ಯಾರೂ ಇಲ್ಲ, ಬರೆಯುವುದು ಮಾತ್ರ ತಪ್ಪಿಲ್ಲ.

ನೀರು ಸರಬರಾಜು ಕಚೇರಿಯ ಈ ದಿನಗೂಲಿ ಕೆಲಸ ಸಿಕ್ಕಿದ್ದು ಗಂಡ ತೀರಿಕೊಂಡ ವರ್ಷ. ಆಗ ಬೀದಿಗೆ ತನ್ನದೇ ಒಂದು ಕಟ್ಟಳೆ ಇತ್ತು. ಪಾಲಿನ ನೀರು ಸೇದಿಕೊಂಡವರು ಹಳೆಯ ಬಿಂದಿಗೆಯೊಂದನ್ನು ಕಟ್ಟೆಯ ಮೇಲೆ ಕವುಚಿಟ್ಟು ಹೋಗಬೇಕು. ಕವುಚಿದ ಮೇಲೆ ಆ ದಿನ ಮತ್ತೆ ಹಗ್ಗ ಮುಟ್ಟುವಂತಿಲ್ಲ. ಕಾವಲಿಲ್ಲ, ದಂಡವಿಲ್ಲ.

"ಪಕ್ಕದ ಮನೆ ಬಿಂದಿಗೆ ಕವುಚಿದ್ರೆ ನಮ್ ಕೈ ತಾನಾಗೇ ಹಿಂದೆ ಬರೋದು. ಆಫೀಸಿನವ್ರು ಅಂಟಿಸೋ ಚೀಟಿಗೆ ಯಾರ್ ಹೆದರ್ತಾರೆ? ಎದುರುಮನೆಯವ್ರು ನೋಡ್ತಾರಲ್ಲ, ಅದಕ್ಕೆ ಹೆದರ್ತೀವಿ" ಎನ್ನುತ್ತಾರೆ ಅಕ್ಕ.

ನೀರು ಚೆಲ್ಲಿದವರನ್ನು ಅವರು ಮುಖಮುಲಾಜಿಲ್ಲದೆ ಬೈಯುತ್ತಿದ್ದರು. ಬಾಯಿ ಕಟ್ಟಿದ್ದು ಒಂದೇ ಸಲ. ತಾವೇ ಎತ್ತಿ ಆಡಿಸಿ ಬೆಳೆಸಿದ ತಮ್ಮನೇ ಇದೇ ಬೀದಿಯಲ್ಲಿ ಹೊಸ ಮನೆ ಕಟ್ಟಿ, ಹಿತ್ತಲಲ್ಲಿ ಕೊಳವೆಬಾವಿ ಕೊರೆಸಿದಾಗ.

"ಅವನ ಮುಖದಲ್ಲಿ ಅಷ್ಟು ಖುಷಿ ಇತ್ತು. ಬೇಡ ಅಂತ ಹೇಗನ್ಲಿ? ಒಂದು ಮನೆ ತಾನೇ ಅಂದ್ಕೊಂಡೆ."

ಬೀದಿ ಹಾಗೆ ಅಂದುಕೊಳ್ಳಲಿಲ್ಲ. ಅಳೆಯುವವಳ ತಮ್ಮನಿಗೇ ಇಲ್ಲದ ಕಟ್ಟಳೆ ನಮಗೇಕೆ ಎಂದು ಎದುರುಮನೆಯವರು ಕೊರೆಸಿದರು, ಆಮೇಲೆ ಮೂಲೆಮನೆಯವರು. ಗೋಡೆಯ ಹಿಂದೆ ಮೋಟಾರು ಎಷ್ಟು ಹೊತ್ತು ಓಡಿತೆಂದು ಯಾರಿಗೆ ಕಾಣುತ್ತದೆ? ಕಟ್ಟೆಯ ಮೇಲಿನ ಬಿಂದಿಗೆಗಳು ಒಂದೊಂದಾಗಿ ಕಾಣೆಯಾದವು, ನೀರು ಪಾತಾಳ ಸೇರಿತು. ಈಗ ಅಲ್ಲಿರುವುದು ಅಕ್ಕನದೊಂದೇ.

ಕಳೆದ ವಾರ ತಮ್ಮನ ಕೊಳವೆಬಾವಿಯೂ ಬರೀ ಗಾಳಿ ಕಾರಿದೆ. ಬೆಳ್ಳಂಬೆಳಗ್ಗೆ ಖಾಲಿ ಕೊಡ ಹಿಡಿದು ಬಂದವನು ಕೇಳಿದ್ದಾನೆ, "ನೀರಿದ್ಯಾ ಅಕ್ಕ?"

ಅಕ್ಕ ಅಳತೆಪಟ್ಟಿಯನ್ನು ಅವನ ಕೈಗೇ ಕೊಟ್ಟರಂತೆ. ಅವನು ಇಳಿಸಿ, ಕಿವಿಗೊಟ್ಟು, ತಲೆ ತಗ್ಗಿಸಿ ಹೊರಟುಹೋದನಂತೆ.

ನಿಮಗೇನಾಸೆ ಎಂದರೆ ಬಾವಿಅಕ್ಕ ಪಟ್ಟಿ ಸುತ್ತುತ್ತಲೇ ಹೇಳುತ್ತಾರೆ, "ಇನ್ನೊಂದ್ ಸಲ ಅವನು ಹಾಗೆ ಕೇಳ್ದಾಗ, ಇದೆ ಕಣೋ, ಸೇದ್ಕೋ ಅನ್ಬೇಕು. ಅಷ್ಟೇ."